ಹೊಸ ಪುಸ್ತಕದ ಕೀಲಿ

"ಎಷ್ಟನೇತ್ತಾ ಕಲ್ತೀಪಾ ನೀ?"

ಗ್ರಂಥಪಾಲಕ ಅಂದಾನೆಪ್ಪನವರು ತಲೆ ಎತ್ತದೆಯೇ ಕೇಳಿದರು. ಅಂದಿನ ಪೇಪರುಗಳ ಮೂಲೆಗೆ ಒಂದೊಂದಾಗಿ ಗ್ರಂಥಾಲಯದ ಸಿಕ್ಕಾ ಒತ್ತುತ್ತಿದ್ದರು.

"ಏಳನೇತ್ತಾರಿ. ಫೇಲ್," ಅಂದ ಸಂಜು.

"ಹಂಗಾರ ಆ ಕಡೆ ಕಾದಂಬರಿ ಅದಾವು ನೋಡು. ಯಾವ್ದರೆ ಒಂದ್ ಒಯ್ಯಿ."

"ಕಾದಂಬರಿ ಬ್ಯಾಡ್ರಿ ಸರ. ಆ ಗಾಜಿನ ಕಪಾಟಿನ್ಯಾಗಿಂದು ಬೇಕು. ಮೋಟಾರ್ ರಿವೈಂಡಿಂಗ್ ಪುಸ್ತಕ. ಎರಡನೇ ಸಾಲು, ಎಡಗಡಿಂದ ನಾಕನೇದು."

ಈಗ ಅಂದಾನೆಪ್ಪನವರು ತಲೆ ಎತ್ತಿದರು. ಮುಖ ನೋಡಲಿಲ್ಲ, ಕೈ ನೋಡಿದರು. ವಾರ್ನಿಶ್ ಹತ್ತಿ ಹತ್ತಿ ಸಂಜುವಿನ ಹೆಬ್ಬೆರಳು ಉಗುರಿನ ತನಕ ಕಪ್ಪಾಗಿತ್ತು. ಸೀಮೆಎಣ್ಣೆಯಲ್ಲಿ ತಿಕ್ಕಿದರೂ ಹೋಗದ ಕಪ್ಪು ಅದು.

"ಅವು ಜ್ಞಾನದ ಪುಸ್ತಕಪಾ. ಬಂದ್ ಬಂದಾವ್ರಿಗೆಲ್ಲ ಕೊಡಾಕ ಬರಂಗಿಲ್ಲ."

ಜ್ಞಾನವಂತೆ! ಸಂಜುವಿನ ಕಿವಿ ಕಾದವು. ಶ್ರಾವಣದಲ್ಲಿ ಬೆಳಗಾವಿಯಿಂದ ಗಂಟು ಕಟ್ಟಿ ಬಂದ ನಲವತ್ತು ಪುಸ್ತಕಗಳು. ಬಾಗಿಲಿಗೆ ಅಂಟಿಸಿದ ಪಟ್ಟಿಯನ್ನು ಅವನು ಬಾಯಿಪಾಠ ಮಾಡಿದ್ದ: ಮಣ್ಣು ಪರೀಕ್ಷೆಯದು ಒಂದು, ಜೇನು ಸಾಕಣೆಯದು ಒಂದು, ಹಾವು ಕಚ್ಚಿದರೆ ಮೊದಲು ಏನು ಮಾಡಬೇಕು ಅನ್ನುವುದು ಒಂದು, ಹೊಲದ ಪಹಣಿ, ಉತಾರ ಓದುವುದು ಹೇಗೆ ಅನ್ನುವುದು ಇನ್ನೊಂದು. ಊರಿಗೆ ಬೇಕಾದದ್ದೆಲ್ಲ ಅಲ್ಲಿತ್ತು, ಕೀಲಿಯ ಒಳಗೆ. ಖಂಡೇನವಮಿಯ ದಿನ ಕಪಾಟಿನ ಗಾಜಿಗೆ ಕುಂಕುಮ ಹಚ್ಚಿ, ಕೀಲಿಗೆ ಚೆಂಡುಹೂವು ಸಿಗಿಸಿದ್ದರು. ಹೂವು ಈಗ ಒಣಗಿ ತಂಬಾಕಿನ ಬಣ್ಣಕ್ಕೆ ತಿರುಗಿತ್ತು. ಅಂದು ಸಂಜುವೂ ತನ್ನ ಇಕ್ಕಳ, ಸುತ್ತಿಗೆಗಳಿಗೆ ಕುಂಕುಮ ಹಚ್ಚಿದ್ದ. ಮರುದಿನ ಬನ್ನಿ ಮುಡಿದು ಬಂದವನೇ ಅದೇ ಇಕ್ಕಳ ಹಿಡಿದು ಕೆಲಸಕ್ಕೆ ಕುಳಿತಿದ್ದ.

ಆ ಕೆಲಸದಲ್ಲೇ ತಪ್ಪಾದದ್ದು.

ಊರಿನ ಒಂದೇ ಹಿಟ್ಟಿನ ಗಿರಣಿ ಕರೆವ್ವನದು. ಅದರ ಹತ್ತು ಎಚ್‌ಪಿ ಮೋಟಾರು ಸುಟ್ಟಿತ್ತು. ಸಂಜು ಸ್ವಂತ ಅಂಗಡಿ ಹಾಕಿ ನಾಲ್ಕು ತಿಂಗಳಾಗಿತ್ತಷ್ಟೇ, ಇಷ್ಟು ದೊಡ್ಡ ಮೋಟಾರು ಅವನ ಕೈಗೆ ಬಂದದ್ದು ಇದೇ ಮೊದಲು. ದೀಪಾವಳಿ ಹತ್ತಿರ ಬಂತು, ಲಗೂ ಮಾಡು ಅಂತ ಕರೆವ್ವ ಗಂಟೆಗೊಮ್ಮೆ ಬಂದು ನಿಂತಳು. ಆ ಗಡಿಬಿಡಿಯಲ್ಲಿ ಅವನು ಸುಟ್ಟ ತಂತಿಯನ್ನು ಕತ್ತರಿಸಿ ಗುಜರಿಯವನ ಗಾಡಿಗೆ ಹಾಕಿಬಿಟ್ಟ. ಗಾಡಿ ಊರು ದಾಟಿದ ಮೇಲೆ ನೆನಪಾಯಿತು, ಸುತ್ತು ಎಣಿಸಿಲ್ಲ. ಹಳೆಯ ತಂತಿ ಮೋಟಾರಿನ ಒಳಗಿನ ಒಂದೊಂದು ತೋಡಿನಲ್ಲಿ ಎಷ್ಟು ಸುತ್ತು ಇತ್ತೋ ಅಷ್ಟೇ ಹೊಸದು ಹಾಕಬೇಕು. ಹತ್ತು ಸುತ್ತು ಕಡಿಮೆಯಾದರೆ ಮೋಟಾರು ಚಾಲೂ ಮಾಡಿದ ತಾಸಿನಲ್ಲೇ ಮತ್ತೆ ಹೊಗೆ. ಕತ್ತರಿಸುವ ಮೊದಲು ಎಣಿಸು ಅನ್ನುವುದು ಈ ಕಸುಬಿನ ಮೊದಲ ಪಾಠ.

ಬೈಲಹೊಂಗಲದಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದ ಮೆಹಬೂಬಸಾಬರ ಹತ್ತಿರ ಒಂದು ವಹಿ ಇತ್ತು. ಯಾವ ಮೋಟಾರಿಗೆ ಎಷ್ಟು ಸುತ್ತು ಎಂಬುದೆಲ್ಲ ಅದರಲ್ಲಿ. ಒಂಬತ್ತು ವರ್ಷ ಕಸ ಹೊಡೆದರೂ ಒಂದು ಹಾಳೆ ತೋರಿಸಲಿಲ್ಲ. "ಲೆಕ್ಕಾ ಕೇಳಬ್ಯಾಡ, ಕೈ ನೋಡು," ಅನ್ನುತ್ತಿದ್ದರು. ಆ ವಹಿಗಾಗಿಯೇ ಜಗಳಾಡಿ ಹೊರಬಿದ್ದವನು ಈಗ ಯಾವ ಮುಖ ಹೊತ್ತು ಹೋಗಬೇಕು? ಅಲ್ಲಿ ವಹಿ ಉಸ್ತಾದರ ತಲೆದಿಂಬಿನ ಕೆಳಗೆ, ಇಲ್ಲಿ ಪುಸ್ತಕ ಗಾಜಿನ ಹಿಂದೆ.

"ಇಲ್ಲೇ ಕುಂತು ಓದತೇನ್ರಿ ಸರ. ಮನಿಗೆ ಒಯ್ಯೂದಿಲ್ಲ."

"ಜನವರಿದಾಗ ತಪಾಸಣಿ ಐತಿ. ಅದು ಮುಗೀಲಿ, ಆಮ್ಯಾಲ ನೋಡೂಣು."

"ಜನವರಿ ತನಕಾ ಊರಾನ ಮಂದಿ ಜ್ವಾಳಾ ಹಂಗ ತಿನ್ನಬೇಕೇನ್ರಿ?"

ಪೇಪರು ಓದುತ್ತ ಕುಳಿತಿದ್ದ ಮುದುಕ ದುಂಡಪ್ಪ ಕಿಸಕ್ಕನೆ ನಕ್ಕ. "ತಿನ್ನಾಕ ನಮಗ ಹಲ್ಲರೆ ಎಲ್ಲಿ ಅದಾವೋ ತಮ್ಮಾ!"

ಅಂದಾನೆಪ್ಪನವರಿಗೆ ನಗು ಬರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಪಾ, ಹಿಂದಿನ ವರ್ಷ ನಾಕು ಹೊಸಾ ಪುಸ್ತಕ ಹ್ವಾದೂವು. ಒಯ್ದಾವ್ರು ದೊಡ್ಡ ಮಂದಿ, ನಾ ಕೇಳಾಕ ಬರೂದಿಲ್ಲ. ನನ್ನ ಪಗಾರದಾಗ ಹಿಡದ್ರು. ನಾ ಸುಮ್ನ ಕೀಲಿ ಹಾಕಿಲ್ಲ."

"ಒಯ್ದು ಮುಳುಗಿಸಿದಾವ್ರು ಡಿಗ್ರಿ ಕಲ್ತಾವ್ರಲ್ರಿ?" ಸಂಜುವಿನ ದನಿ ಏರಿತು. "ಅವ್ರಿಗೆ ಕುರ್ಚಿ ಕೊಟ್ರಿ. ನನಗ ಎಷ್ಟನೇತ್ತಾ ಅಂತ ಕೇಳ್ತೀರಿ! ಕಳ್ಳತನಾ ಮಾಡಾಕೂ ಸರ್ಟಿಫಿಕೀಟ್ ಬೇಕಾಗಿತ್ತೇನ್ರಿ?"

ಮೇಲೆ ಫ್ಯಾನು ಕಟಕಟ ತಿರುಗುತ್ತಿತ್ತು. ಅಂದಾನೆಪ್ಪನವರು ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ಅರ್ಜಿ ಬರಿ. ಯಾಕ ಬೇಕು ಅನ್ನೂದು ಕಾರಣ ಬರಿ. ಸಹಿ ಮಾಡೂವಂಥಾ ಜಾಮೀನುದಾರರನ್ನ ಕರ್ಕೊಂಡ್ ಬಾ."

ಸಂಜು ಪೆನ್ನು ಹಿಡಿದ. ಹುಬ್ಬಳ್ಳಿಯಿಂದ ತಂತಿ ಬಂದಿಲ್ಲ ಅಂತ ಅವನು ಐದು ದಿನದಿಂದ ಕರೆವ್ವನಿಗೆ ಸುಳ್ಳು ಹೇಳುತ್ತಿದ್ದ. ಖರೇ ಕಾರಣ ಹೊರಬಿದ್ದರೆ ನಾಳೆಯಿಂದ ಅಂಗಡಿಗೆ ಒಂದು ಟೇಬಲ್ ಫ್ಯಾನೂ ಬರುವುದಿಲ್ಲ. ಆದರೂ ಬರೆದ. ಒಂದೊಂದು ಅಕ್ಷರವನ್ನೂ ಹಾಳೆಗೆ ಒತ್ತಿ ಬರೆದ.

ಅಂದಾನೆಪ್ಪನವರಿಗೆ ಏನನ್ನೂ ಗಟ್ಟಿಯಾಗಿಯೇ ಓದುವ ರೂಢಿ. "ಗಿರಣಿ ಮೋಟಾರಿನ ಸುಟ್ಟ ತಂತಿ ಕತ್ತರಿಸುವ ಮೊದಲು ಸುತ್ತು ಎಣಿಸುವುದನ್ನು ನಾನು ಮರೆತಿದ್ದೇನೆ. ತಂತಿ ಗುಜರಿಗೆ ಹೋಗಿದೆ. ಎಷ್ಟು ಸುತ್ತು ಹಾಕಬೇಕೆಂದು ನನಗೆ ತಿಳಿಯದು. ಆದ ಕಾರಣ..."

"ಏನಂದಿ?"

ಬಾಗಿಲಲ್ಲಿ ಕರೆವ್ವ ನಿಂತಿದ್ದಳು. ಅಂಗಡಿಯಲ್ಲಿ ಸಿಗದವನನ್ನು ಹುಡುಕಿಕೊಂಡು ಬಂದಿದ್ದಳು. ಐದು ದಿನದಿಂದ ಗಿರಣಿ ನಿಂತಿದ್ದರೂ ಸೀರೆಯ ಅಂಚಿನಲ್ಲಿ, ಹುಬ್ಬಿನಲ್ಲಿ ಹಿಟ್ಟು ಇದ್ದೇ ಇತ್ತು.

"ಹುಬ್ಬಳ್ಳಿಂದ ತಂತಿ ಬರಬೇಕು ಅಂದೆಲ್ಲೋ ಬಾಡ್ಯಾ! ದಿನಾ ಬಸ್ ಸ್ಟ್ಯಾಂಡಿಗೆ ಬ್ಯಾರೆ ಹೋಗಿ ಬಂದೇನಿ ನಾ!"

"ತಪ್ಪಾತು ಯಕ್ಕಾ."

"ತಪ್ಪಂತ, ತಪ್ಪು! ಮತ್ತ ಈಗ ಏನ್ ಮಾಡಾಂವ?"

"ಆ ಪುಸ್ತಕದಾಗ ಲೆಕ್ಕ ಐತಿ ಯಕ್ಕಾ. ಮೋಟಾರಿನ ಅಳತಿ ಹಿಡದ್ರ ಸುತ್ತು ಎಷ್ಟು ಅಂತ ಹೇಳತೈತಿ. ಇವ್ರು ಕೊಡವಲ್ರು."

ಕರೆವ್ವ ಕಪಾಟಿನ ಕಡೆ ನೋಡಿದಳು. ಕುಂಕುಮ ನೋಡಿದಳು, ಒಣಗಿದ ಹೂ ನೋಡಿದಳು. ಸಂಜುವಿನ ಮೇಲಿದ್ದ ಸಿಟ್ಟು ಅಲ್ಲಿಂದ ಹಾಗೇ ಮೇಜಿನ ಕಡೆ ಹೊರಳಿತು.

"ಯಾಕ್ರಿ ಅಂದಾನೆಪ್ಪನ್ನಾರ?"

"ಜಾಮೀನು ಬೇಕಬೇ. ಕಾಯ್ದೇ ಪ್ರಕಾರ—"

"ನಾ ಆಗತೇನಿ ತಗೋರಿ ಜಾಮೀನು."

"ನಿನಗ ಸಹಿ ಬರೂದಿಲ್ಲಲ್ಲ. ಹೆಬ್ಬಟ್ಟು ನಡ್ಯಾಂಗಿಲ್ಲ."

ಕರೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. "ಈಗ ನನ್ನ ಗಿರಣಿಯಾಗ ಅರವತ್ತು ಡಬ್ಬಿ ಸಾಲಾಗಿ ಕುಂತಾವ್ರಿ. ಒಂದಕ್ಕೂ ಚೀಟಿಲ್ಲ, ಪಾವತಿಲ್ಲ. ಯಾರ ಡಬ್ಬಿ ಯಾವ್ದು ಅಂತ ಮುಚ್ಚಳಾ ನೋಡಿ ಹೇಳತೇನಿ. ಇಪ್ಪತ್ತು ವರ್ಷದಾಗ ಒಬ್ಬರ ಹಿಟ್ಟು ಒಬ್ಬರಿಗೆ ಹೋಗಿಲ್ಲ. ನಿಮ್ಮ ಮನ್ಯಾಕಿ ಡಬ್ಬಿ, ಹಸರ ಮುಚ್ಚಳದ್ದು, ಎಂಟನೇದು. ಆಕಿ ಡಬ್ಬಿ ಇಡೂ ಮುಂದ, ಕರೆವ್ವಾ ನೀ ಎಷ್ಟನೇತ್ತಾ ಕಲ್ತೀದಿ ಅಂತ ಕೇಳಿದ್ಲೇನ್ರಿ?"

ದುಂಡಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಪೇಪರು ಅಲುಗುತ್ತಿತ್ತು.

ಅಂದಾನೆಪ್ಪನವರು ಅರ್ಜಿಯನ್ನು ಎರಡು ಸಲ ಮಡಚಿದರು, ಮತ್ತೆ ಬಿಚ್ಚಿದರು. ಆಮೇಲೆ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಕೀಲಿಕೈ ಬಿಚ್ಚಿ ಎದ್ದರು. ಕಪಾಟಿನ ಬಾಗಿಲು ಮೊದಲ ಸಲ ತೆರೆಯುವ ಹಾಗೆ ಕಿರುಗುಟ್ಟಿತು. ಹೂವು ನೆಲಕ್ಕೆ ಬಿದ್ದು ಪುಡಿಯಾಯಿತು. ಸಿಕ್ಕಾದ ಮಸಿಯ ಡಬ್ಬಿಯನ್ನು ಕರೆವ್ವನ ಮುಂದೆ ಸರಿಸಿದರು. ಅವಳು ಹೆಬ್ಬಟ್ಟು ಒತ್ತಿ, ಉಳಿದ ಮಸಿಯನ್ನು ಮೇಜಿನ ಕಾಲಿಗೆ ಒರೆಸಿದಳು.

"ಇಲ್ಲೇ ಕುಂದ್ರು," ಅಂದರು ಅಂದಾನೆಪ್ಪನವರು ಸಂಜುವಿಗೆ. ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟರು.

ಸಂಜು ನೆಲದ ಮೇಲೆ ಕುಳಿತು ತೆರೆದ. ಹಾಳೆಗಳು ತೆರೆಯಲಿಲ್ಲ. ಮೇಲಿನ ಅಂಚಿನಲ್ಲಿ ಎರಡೆರಡು ಕೂಡಿಕೊಂಡೇ ಇದ್ದವು. ಅಚ್ಚಿನ ಮನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೇ ಇತ್ತು ಪುಸ್ತಕ. ಅವನು ಅಂದಾನೆಪ್ಪನವರನ್ನು ದಿಟ್ಟಿಸಿ ನೋಡಿದ. ಅವರು ಕಿಟಕಿಯ ಕಡೆ ಮುಖ ಮಾಡಿದರು.

ಕಿಸೆಯಲ್ಲಿ ಬಿದಿರಿನ ಚಪ್ಪಟೆ ಸೀಳು ಇತ್ತು, ತಂತಿಯನ್ನು ಮೋಟಾರಿನ ತೋಡಿನೊಳಗೆ ಒತ್ತಿ ಕೂಡಿಸುವುದು. ಅದನ್ನು ಹಾಳೆಗಳ ನಡುವೆ ಇಟ್ಟು ಮೆಲ್ಲಗೆ ಎಳೆದ. ಸರ್ರ್ ಅಂತ ಒಂದು ಹಾಳೆ ಬಿಡಿಸಿಕೊಂಡಿತು. ಮತ್ತೊಂದು. ಕಾಗದದ ಬಿಳಿ ಹುಡಿ ಅವನ ಕಪ್ಪು ಹೆಬ್ಬೆರಳಿನ ಮೇಲೆ ಉದುರುತ್ತಿತ್ತು. ಒಂದು ಪುಟದ ತುದಿಗೆ ಬೆರಳಿನ ಗುರುತು ಮೂಡಿತು. ಅಂದಾನೆಪ್ಪನವರು ಅದನ್ನು ನೋಡಿದರು.

"ಲಗೂ ಓದೋ," ಅಂದಳು ಕರೆವ್ವ, ಹೊಸ್ತಿಲಲ್ಲಿ ಕಾಲು ಚಾಚಿ ಕುಳಿತು.

ಫ್ಯಾನಿನ ಗಾಳಿಗೆ ಬಿಡಿಸಿದ ಹಾಳೆಗಳು ಮಗುಚುತ್ತಿದ್ದವು. ಸಂಜು ಒಂದು ಕೈಯಿಂದ ಒತ್ತಿ ಹಿಡಿದು, ಅಂಕಿಗಳ ಸಾಲಿನ ಮೇಲೆ ಬೆರಳು ಇಟ್ಟು, ತುಟಿ ಅಲುಗಿಸುತ್ತ ಕೆಳಗೆ ಇಳಿಯುತ್ತಿದ್ದ. ಅಂದಾನೆಪ್ಪನವರು ಎದ್ದು ಹೋಗಿ ಫ್ಯಾನು ಬಂದ್ ಮಾಡಿದರು. ಕಟಕಟ ಸದ್ದು ನಿಧಾನವಾಯಿತು. ಮೂರು ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಬಿದ್ದವು, ಎಣಿಸಬಹುದಾದಷ್ಟು ನಿಧಾನವಾಗಿ.