ಬಾವಿ ಮುಂದಿನ ದಂಡೆ

ಹಳ್ಳ ಬಾವಿಯ ಕಡೆಗೆ ಸರಿಯುತ್ತಿದೆ ಎಂದು ಜಯಶೀಲಾ ಮೊದಲ ಸಲ ಹೇಳಿದಾಗ ಹಟ್ಟಿಯ ಗಂಡಸರು ನಕ್ಕುಬಿಟ್ಟಿದ್ದರು. ಹಳ್ಳಕ್ಕೇನು ನೀರಡಿಕೆಯಾ, ಬಾವಿ ಹುಡುಕಿಕೊಂಡು ಬರೋಕೆ ಎಂದು ಕಟ್ಟೆಯ ಮೇಲೆ ಕೂತು ಗೇಲಿ ಮಾಡಿದ್ದರು. 2005ರ ಮಳೆಗಾಲದಲ್ಲಿ ದಂಡೆಯ ಮೇಲಿದ್ದ ಹುಣಸೆಮರ ಬುಡಸಮೇತ ಮಗುಚಿ, ತೇಲಿಕೊಂಡು ಕಣ್ಮರೆಯಾದ ಮೇಲೆ ನಗು ನಿಂತಿತು. ಮರವಿದ್ದ ಜಾಗಕ್ಕೂ ಬಾವಿಯ ಕಟ್ಟೆಗೂ ನಡುವೆ ಒಂದು ಎತ್ತಿನಗಾಡಿ ನಿಲ್ಲಿಸುವಷ್ಟು ಮಣ್ಣು ಉಳಿದಿತ್ತು. ಅಷ್ಟೇ.

ರಾಮಗಿರಿಯಿಂದ ಮಣ್ಣಿನ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಆ ಕುರುಬರ ಹಟ್ಟಿಗೆ ಕುಡಿಯುವ ನೀರೆಂದರೆ ಆ ಬಾವಿಯೊಂದೇ. ಬೋರು ಕೊರೆಸಿದ್ದೂ ಆಗಿತ್ತು. ಅದರ ನೀರು ಬಾಯಿಗಿಟ್ಟರೆ ಸಪ್ಪೆಯೂ ಅಲ್ಲ ಉಪ್ಪೂ ಅಲ್ಲ, ಬೇಳೆ ಹಾಕಿದರೆ ಮಧ್ಯಾಹ್ನವಾದರೂ ಬೇಯುವುದಿಲ್ಲ, ಕುಡಿದ ಮಕ್ಕಳ ಹಲ್ಲೆಲ್ಲ ಕಂದು ಬಣ್ಣ. ಬಾವಿ ಹೋದರೆ ಹಟ್ಟಿ ಹೋದಂತೆಯೇ. ಅದೇ ವರ್ಷ ಮಹಿಳಾ ಮೀಸಲಿನಲ್ಲಿ ಪಂಚಾಯಿತಿ ಸದಸ್ಯೆಯಾಗಿದ್ದ ಜಯಶೀಲಾ, ಈ ಅವಧಿಯಲ್ಲಿ ತಾನು ಬೇರೇನೂ ಮಾಡದಿದ್ದರೂ ಸರಿ, ದಂಡೆಗೆ ಕಲ್ಲು ಕಟ್ಟಿಸಿಯೇ ತೀರುವೆನೆಂದು ಪಟ್ಟು ಹಿಡಿದಳು.

ಪಟ್ಟು ಹಿಡಿದರೆ ಸಾಕೇ? ಹಳ್ಳದ ಆಚೆ ದಂಡೆ ಕಾಡಿನ ಎಲ್ಲೆ. ಈಚೆ ದಂಡೆಯಲ್ಲಿ ಒಂದು ಕಲ್ಲು ಇಡಬೇಕಾದರೂ ದುರ್ಗದ ಅರಣ್ಯ ಕಚೇರಿಯ ಅನುಮತಿ ಬೇಕು. ಜಯಶೀಲಾ ಆ ಕಚೇರಿಗೆ ಅಲೆದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ, ಸಾಹೇಬರಿಗೆ ವರ್ಗವಾಗಿದೆ. ಹೊಳಲ್ಕೆರೆ ಬಸ್ಸಿನ ಕಂಡಕ್ಟರು ಅವಳನ್ನು ಕಂಡರೆ ಕೇಳದೆಯೇ ಟಿಕೆಟ್ಟು ಹರಿದುಕೊಡುವಂತಾಯಿತು. ಕೊನೆಗೆ ಮೋಹನ್‌ಕುಮಾರ್ ಎಂಬ ಹೊಸ ಅಧಿಕಾರಿ ಬಂದು, ಕಡತದ ಧೂಳು ಕೊಡವಿ, ಅನುಮತಿ ಕೊಡಿಸಿದರು. ಆದರೆ ಬರಿಯ ಅನುಮತಿಯಲ್ಲ, ಷರತ್ತುಗಳ ಸಮೇತ.

ಹಳ್ಳದೊಳಗೆ ಜೆಸಿಬಿ ಇಳಿಸಕೂಡದು. ಹಳ್ಳದ ಕಲ್ಲು ಮುಟ್ಟಕೂಡದು, ಹೊರಗಿಂದ ತರಬೇಕು. ಮೊದಲು ದಂಡೆಯ ಮೇಲೆ ಹೊಂಗೆ, ಲಕ್ಕಿ, ಬಿದಿರು, ಲಾವಂಚ ನೆಡಬೇಕು. ಈ ನೆಲದ ಗಿಡ ಬಿಟ್ಟು ಹೊರಗಿನ ಜಾತಿ ಒಂದೂ ಅಲ್ಲಿರಕೂಡದು. ನೆಟ್ಟ ಮೇಲೆ ಕುರಿ, ಮೇಕೆ, ದನ ಅತ್ತ ಸುಳಿಯಕೂಡದು. ಗಿಡಗಳು ಬದುಕಿದ್ದನ್ನು ಅಧಿಕಾರಿ ಕಣ್ಣಾರೆ ನೋಡಿದ ಮೇಲೆ ಮಾತ್ರ ಬಾವಿಯ ಮುಂದೆ ದಂಡೆಯ ಬುಡಕ್ಕೆ ಕಲ್ಲು ಕಟ್ಟಬಹುದು.

"ಅಲ್ಲ ಸಾರ್, ಕಲ್ಲು ಮೊದ್ಲು ಕಟ್ಟಿ ಆಮೇಲೆ ಗಿಡ ಹಾಕದಲ್ವಾ? ಗೋಡೆ ಇಲ್ದೆ ಸೂರು ಹೊದಿಸ್ದಂಗಾಯ್ತು ಇದು" ಎಂದಳು ಜಯಶೀಲಾ.

"ಕಲ್ಲು ಕಟ್ಟಿಸ್ಕೊಂಡೋರು ಆಮೇಲೆ ಗಿಡದ ಕಡೆ ತಿರುಗಿ ನೋಡಲ್ಲ ಅಂತ ಮೇಲಿನೋರು ಹೀಗೆ ಬರೆದಿದ್ದಾರೆ, ಜಯಶೀಲಮ್ಮ. ನಾನು ಬರೆದಿದ್ದಲ್ಲ" ಎಂದರು ಮೋಹನ್‌ಕುಮಾರ್. ಕೆಟ್ಟ ಮನುಷ್ಯರಲ್ಲ. ಜಯಶೀಲಾಗೆ ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಬಾಯಿತುಂಬ ಬೈದಾದರೂ ಬರಬಹುದಿತ್ತು.

ಮನೆಗೆ ಬಂದು ಷರತ್ತುಗಳನ್ನು ಗಂಡ ಕಾಟಲಿಂಗಪ್ಪನಿಗೆ ಓದಿ ಹೇಳಿದಳು. ನೂರಕ್ಕೆ ಮಿಕ್ಕಿ ಕುರಿಗಳಿದ್ದ ಅವನು ಹೆಂಡತಿಯ ಪಂಚಾಯಿತಿ ವ್ಯವಹಾರದ ಬಗ್ಗೆ ಅದುವರೆಗೆ ಒಂದು ಮಾತು ಆಡಿದವನಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಕುರಿಯ ಷರತ್ತು ಬಂದಾಗ ಮಾತ್ರ ತಲೆಯೆತ್ತಿದ.

"ನೆಟ್ಟ ಮ್ಯಾಲೆ ಕುರಿ ಹೋಗಂಗಿಲ್ಲ ಅಂತಾನಾ ಐತೆ?"

"ಹೂಂ. ನೆಟ್ಟ ಮ್ಯಾಲೆ ಒಂದು ಕುರಿ ಅತ್ತ ಕಂಡ್ರೂ ಅನುಮತಿ ರದ್ದು."

"ಆಯ್ತು ಬಿಡು. ನೆಟ್ಟ ಮ್ಯಾಲೆ ಒಂದೂ ಹೋಗಲ್ಲ" ಎಂದ. ಅವನ ಮುಖದಲ್ಲಿ ಏನೋ ಒಂದು ಲೆಕ್ಕಾಚಾರ ಓಡಿದ್ದನ್ನು ಅವಳು ಗಮನಿಸಲಿಲ್ಲ.

ಕುರಿ ಸಾಕುವವರು ಯಾರಿಗಾದರೂ ಒಳ್ಳೆಯದು ಮಾಡಬೇಕೆಂದರೆ ಅವರ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಹಗಲೆಲ್ಲ ಮೇಯಿಸಿ ತಂದ ಹಿಂಡನ್ನು ಇರುಳು ಅಲ್ಲೇ ಕೂಡಿಹಾಕಿದರೆ ಬೆಳಗಾಗುವಷ್ಟರಲ್ಲಿ ನೆಲವೆಲ್ಲ ಹಿಕ್ಕೆ, ಗಂಜಲ. ಅಂಥ ಗೊಬ್ಬರ ಅಂಗಡಿಯಲ್ಲಿ ಸಿಗುವುದಿಲ್ಲ. ಕಾಟಲಿಂಗಪ್ಪನ ಮಂದೆಗೆ ರೈತರು ರಾಗಿ, ಜೋಳ ಕೊಟ್ಟು ಸರದಿಗೆ ಕಾಯುತ್ತಿದ್ದರು. ಅನುಮತಿ ಬಂದ ವರ್ಷದ ಮೇ ತಿಂಗಳಲ್ಲಿ ಅವನು ಎಲ್ಲರನ್ನೂ ಕಾಯಲು ಹೇಳಿ, ಗಿಡ ನೆಡುವ ಮುಂಚೆ, ಹಳ್ಳದ ದಂಡೆಯುದ್ದಕ್ಕೂ ಜಾಗ ಬದಲಿಸಿ ಬದಲಿಸಿ ಮಂದೆ ನಿಲ್ಲಿಸಿದ. ಯಾರೂ ಕೇಳಿರಲಿಲ್ಲ. ಹೆಂಡತಿ ಇಷ್ಟು ಬಡಿದಾಡಿ ತಂದ ಕೆಲಸಕ್ಕೆ ತನ್ನದೂ ಒಂದು ಕೈ ಇರಲಿ ಎಂದು ಮಾಡಿದ. ಷರತ್ತನ್ನೂ ಮುರಿಯಲಿಲ್ಲ, ನೆಟ್ಟ ಮೇಲೆ ತಾನೇ ಕುರಿ ಹೋಗಬಾರದ್ದು? ಜಯಶೀಲಾಗೆ ತಿಳಿದಾಗ ಅವಳಿಗೂ ಹಿಗ್ಗೇ ಆಯಿತು. ಅಂದು ಬಿಸಿ ಮುದ್ದೆಯ ಮೇಲೆ ಎರಡು ಚಮಚ ತುಪ್ಪ ಹೆಚ್ಚಿಗೆ ಬಿತ್ತು.

ಮೇ ತಿಂಗಳಲ್ಲಿ ಆ ಸೀಮೆಯ ಕುರಿ ಏನು ತಿಂದು ಬದುಕುತ್ತದೆ ಎಂಬುದನ್ನು ಆ ಇಬ್ಬರೂ ಯೋಚಿಸಲಿಲ್ಲ. ಹುಲ್ಲು ಸುಟ್ಟುಹೋಗಿರುತ್ತದೆ. ಉಳಿದಿರುವುದು ಬಳ್ಳಾರಿ ಜಾಲಿಯ ಹಳದಿ ಕಾಯಿ. ಸಿಹಿಯಾಗಿರುತ್ತದೆ, ಕುರಿಗೆ ಅದೆಂದರೆ ಪ್ರಾಣ. ಕಾಯಿ ಕರಗುತ್ತದೆ, ಬೀಜ ಕರಗುವುದಿಲ್ಲ. ಹೊಟ್ಟೆಯಲ್ಲಿ ನೆನೆದು ಮೆತ್ತಗಾಗಿ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದರೆ ಸಾಕು, ಒಂದು ಮಳೆಗೆ ಎದ್ದು ನಿಲ್ಲುತ್ತದೆ.

ಎದ್ದು ನಿಂತಿತು. ಹೊಂಗೆ ಮೊಣಕಾಲಿಗೆ ಬರುವಷ್ಟರಲ್ಲಿ ಜಾಲಿ ಸೊಂಟಕ್ಕೆ ಬಂದಿತ್ತು. ಮೊದಮೊದಲು ಹೆಂಗಸರು ಕಿತ್ತರು. ಒಂದು ಕಿತ್ತ ಜಾಗದಲ್ಲಿ ಮೂರು ಬಂದವು. ಮರು ಬೇಸಿಗೆಗೇ ನೋಡಲು ಬರಬೇಕಿದ್ದ ಕಚೇರಿಯವರು ಎರಡು ಬೇಸಿಗೆ ಕಳೆದ ಮೇಲೆ ಬಂದರು. ಆಗ ದಂಡೆ ಎನ್ನುವುದು ಮುಳ್ಳಿನ ಗೋಡೆಯಾಗಿತ್ತು.

ಮೋಹನ್‌ಕುಮಾರ್ ಜೀಪಿನಿಂದ ಇಳಿದು ನಿಂತಲ್ಲೇ ನಿಂತರು. "ಏನಮ್ಮ ಇದು?"

"ನೀವು ಹೇಳಿದ ಗಿಡಾನೂ ಒಳಗವೆ ಸಾರ್" ಎಂದಳು ಜಯಶೀಲಾ. ಹೇಳುವಾಗಲೇ ಅವಳಿಗೆ ನಾಚಿಕೆಯಾಯಿತು.

"ಇದನ್ನೆಲ್ಲ ಬುಡಸಮೇತ ತೆಗೆಸಬೇಕು. ಹೊರಗಿನ ಜಾತಿ. ಇದು ಇರೋವರೆಗೂ ಕಲ್ಲಿನ ಕೆಲಸಕ್ಕೆ ಸಹಿ ಹಾಕೋಕೆ ಬರಲ್ಲ. ಇಷ್ಟು ಒತ್ತಾಗಿ ಹೇಗೆ ಬಂತು ಇದು? ಯಾರೋ ಬಿತ್ತಿದ ಹಾಗಿದೆಯಲ್ಲ?"

ಹಿಂದೆ ನಿಂತಿದ್ದ ಕಾಟಲಿಂಗಪ್ಪ ಮುಂದೆ ಬಂದ. ಮಂದೆ ನಿಲ್ಲಿಸಿದ್ದನ್ನು ತಾನೇ ಹೇಳಿದ, ಹೆಮ್ಮೆಯಿಂದಲೇ ಹೇಳಿದ. ಮೋಹನ್‌ಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಕುರಿಯ ಹೊಟ್ಟೆಯಿಂದ ಬಂದ ಬೀಜದ ವಿಷಯ ಅವರು ಬಿಡಿಸಿ ಹೇಳುತ್ತಿದ್ದ ಹಾಗೆ ಕಾಟಲಿಂಗಪ್ಪನ ಮುಖ ಸಣ್ಣಗಾಗುತ್ತ ಬಂತು.

ಜಯಶೀಲಾಗೆ ತಡೆಯಲಾಗಲಿಲ್ಲ. "ನಿನ್ನನ್ನ ಯಾರು ಕೇಳಿದ್ರು? ನಿನ್ನ ಕುರೀನ ಯಾರು ಕರೆದಿದ್ರು? ನಾನು ಚಪ್ಪಲಿ ಸವೆಸಿ ತಂದಿದ್ದು, ನೀನು ಹಿಕ್ಕೆ ಹಾಕಿಸಿ ಮಣ್ಣುಪಾಲು ಮಾಡ್ದೆ!" ಎಂದು ಹಟ್ಟಿಯವರೆಲ್ಲರ ಮುಂದೆ ಕೂಗಿದಳು. ಅವನು ಎದುರಾಡಲಿಲ್ಲ. ಎದುರಾಡಿದ್ದರೆ ಅವಳ ಸಿಟ್ಟು ಅಲ್ಲಿಗೇ ಮುಗಿಯುತ್ತಿತ್ತು. ಅವನು ತಲೆತಗ್ಗಿಸಿ ನಿಂತದ್ದರಿಂದ ಅದು ಒಳಗೇ ಉಳಿಯಿತು.

ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ಸಾರ್, ಮಳೆ ತಲೆ ಮೇಲೈತೆ. ಈಗ ಬುಡ ಕಿತ್ರೆ ದಂಡೆ ನಿಲ್ತದಾ? ನೀವೇ ಒಂದು ಕಿತ್ತು ನೋಡ್ರಿ" ಎಂದು ಪಿಕಾಸಿ ತಂದು ಕೊಟ್ಟಳು.

ಜೀಪಿನಲ್ಲಿ ಜೊತೆಗೆ ಬಂದಿದ್ದ ಜವಾನ ಕೈ ಚಾಚಿದ. ಮೋಹನ್‌ಕುಮಾರ್ ಅವನಿಗೆ ಬಿಡದೆ ತಾವೇ ಹಿಡಿದರು. ಬಾವಿಯ ಎದುರಿಗಿದ್ದ ಒಂದು ಗಿಡದ ಬುಡಕ್ಕೆ ಏಟು ಹಾಕಿದರು. ಬೇರು ಮೇಲೆದ್ದಾಗ ಅದರ ಹಿಂದೆ ದಂಡೆಯ ಒಂದು ಮಗ್ಗುಲು ಬಿರುಕುಬಿಟ್ಟು, ದಬಕ್ಕನೆ ಹಳ್ಳಕ್ಕೆ ಜಾರಿತು. ಅವರ ಒಂದು ಕಾಲೂ ಜೊತೆಗೆ ಜಾರಿತು. ಕಾಟಲಿಂಗಪ್ಪ ರಟ್ಟೆ ಹಿಡಿದು ಮೇಲಕ್ಕೆಳೆದ.

"ಹೀಗಾಗುತ್ತೆ ಅಂತ ನನಗೂ ಗೊತ್ತಿತ್ತಮ್ಮ" ಎಂದರು ಅವರು ಮಣ್ಣು ಕೊಡವಿಕೊಳ್ಳುತ್ತ. "ಕಿತ್ರೆ ಈ ಮಳೆಗೆ ಬಾವಿ ಹೋಗುತ್ತೆ. ಬಿಟ್ರೆ ಇದರ ಬೇರು ಒಂದೆರಡು ವರ್ಷಕ್ಕೇ ಬಾವಿ ನೀರು ಹೀರುತ್ತೆ. ಜಾಲಿ ಇಲ್ಲ ಅಂತ ನಾನು ಸುಳ್ಳು ಬರೆಯೋಕೆ ಆಗಲ್ಲ. ಈಗ ಕೀಳಬೇಡಿ, ಮೊದಲು ಕಲ್ಲು ಕಟ್ಟೋಕೆ ಬಿಡಿ ಅಂತ ಬರೀತೀನಿ. ಷರತ್ತು ತಿದ್ದೋದು ಕಮಿಟಿಗೆ ಬಿಟ್ಟದ್ದು."

"ಕಮಿಟಿ ಯಾವಾಗ ಕೂರ್ತದೆ ಸಾರ್?"

"ದಸರಾ ಕಳೀಬೇಕು."

ಹಳ್ಳ ದಸರಾಕ್ಕೆ ಕಾಯುತ್ತದೆಯೇ? ಆಗಸ್ಟಿನಲ್ಲಿ ನೆರೆ ಬಂತು. ಹಟ್ಟಿಗೆ ಹಟ್ಟಿಯೇ ಬಾವಿಯ ಹಿಂದೆ ದೂರದಲ್ಲಿ ನಿಂತು ನೋಡಿತು. ಕೆಂಪು ನೀರು ಮುಳ್ಳಿನ ಗೋಡೆಗೆ ಬಡಿದು, ನೊರೆಕಾರಿ, ಆಚೆಗೆ ತಿರುಗಿಕೊಂಡು ಹೋಯಿತು. ಬಾವಿಯ ಮುಂದೆ ಗಾಡಿ ನಿಲ್ಲಿಸುವಷ್ಟಿದ್ದ ಆ ಮಣ್ಣು ಅಲ್ಲಾಡಲಿಲ್ಲ. ನಿಂತದ್ದು ಜಾಲಿಯಿಂದಲೇ.

ಹಟ್ಟಿಯ ಬಾಯಿ ಕೇಳಬೇಕೇ? ಕಾಟಲಿಂಗಪ್ಪ ಒಂದೇ ದಿನದಲ್ಲಿ ದೊಡ್ಡ ಮನುಷ್ಯನಾದ. ಅವನ ತಾಯಿ ಬರಗೇರಮ್ಮ ಸೊಸೆಗೆ ಕೇಳಿಸುವ ಹಾಗೆಯೇ ಹೇಳಿದಳು: "ಆಫೀಸು ಆಫೀಸು ಅಂತ ಬಸ್ಸಿನಾಗೆ ಕುಂತು ಸವೆದಿದ್ದೇ ಬಂತು. ನನ್ನ ಮಗನ ಕುರಿ ಬಾವಿ ಉಳಿಸಿದ್ವು ನೋಡು."

ಜಯಶೀಲಾ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಇಷ್ಟು ವರ್ಷದ ಅಲೆದಾಟಕ್ಕೆ ಬೆಲೆಯಿಲ್ಲ, ಒಂದು ತಪ್ಪಿಗೆ ಇಷ್ಟು ಬೆಲೆ! ಅದಕ್ಕಿಂತ ಸಂಕಟವೆಂದರೆ ಹಟ್ಟಿ ಸಂಭ್ರಮಪಡುತ್ತಿದ್ದ ಆ ಗಿಡ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು, ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು. ದಸರಾ ಕಳೆಯಿತು. ಕಮಿಟಿ ಕೂತು, ಷರತ್ತು ಉಲ್ಲಂಘನೆಯಾಗಿರುವುದರಿಂದ ಅನುಮತಿ ಅಮಾನತಿನಲ್ಲಿಡಲಾಗಿದೆ ಎಂದು ತಿಳಿಸಿ ಎದ್ದುಹೋಯಿತು.

ಬೇಸಿಗೆಗೆ ಬಾವಿ ಹೂಳು ತೆಗೆಯಲು ಕಾಟಲಿಂಗಪ್ಪನೇ ಇಳಿದ. ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದಾಗ ಅವನ ಕೈಯಲ್ಲಿ ಒಂದು ಹಿಡಿ ಕೆಂಪು ಬೇರಿತ್ತು. ಕಲ್ಲಿನ ಸಂದಿಸಂದಿಯಲ್ಲಿ ಇಳಿದು, ಒರತೆಯ ಬಾಯಿಗೇ ಬಂದಿತ್ತಂತೆ. ಅದನ್ನು ಹೆಂಡತಿಯ ಮುಂದೆ ಇಟ್ಟು, "ಯಾವತ್ತು ಹೋಗ್ತೀಯ ದುರ್ಗಕ್ಕೆ? ನಾನೂ ಬರ್ತೀನಿ" ಎಂದ. ಅವಳು "ಸಾಹೇಬ್ರು ಅವತ್ತೇ ಹೇಳಿರಲಿಲ್ವಾ" ಎನ್ನಲು ಬಾಯಿ ತೆರೆದು, ಅವನ ಮುಖ ನೋಡಿ ನುಂಗಿಕೊಂಡಳು.

ಕಚೇರಿಯಲ್ಲಿ ಮೋಹನ್‌ಕುಮಾರ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ನಾನೂ ಬಡಿದಾಡಿದೀನಿ ಜಯಶೀಲಮ್ಮ. ಈ ಸಲ ಕಲ್ಲು ಮೊದಲು. ಕಲ್ಲು ನಿಂತ ಮೇಲೆ ಜಾಲಿಯನ್ನ ಒಂದೊಂದೇ ತುಂಡಾಗಿ ತೆಗೆಯೋದು, ತೆಗೆದಲ್ಲಿ ಹೊಂಗೆ, ಬಿದಿರು ಹಾಕೋದು. ಮೇಲಿನೋರು ಒಪ್ಪಿದ್ದಾರೆ. ಆದರೆ ಮತ್ತೆ ಜಾಲಿ ಬರದ ಹಾಗೆ ಏನು ಷರತ್ತು ಹಾಕ್ತೀರಿ ಅಂತ ಕೇಳ್ತಿದ್ದಾರೆ. ನಾನು ಬರೆದರೆ ನಿಮಗೆ ಸರಿಬರಲ್ಲ. ಈ ಸಲ ನೀವೇ ಹೇಳಿ, ಹಾಗೇ ಬರೀತೀನಿ."

ಇಷ್ಟು ವರ್ಷಗಳಲ್ಲಿ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಕೇಳಿದಾಗ ಹೇಳಲು ಅವಳ ಬಳಿ ಒಂದೇ ಮಾತಿತ್ತು. ಬೇರೆ ಏನು ಬರೆದರೂ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು, ಪಕ್ಕದಲ್ಲಿ ಕೂತವನಿಗೂ ಗೊತ್ತಿತ್ತು. ಅವನು ನೆಲ ನೋಡುತ್ತಿದ್ದ.

"ಕುರಿ ಮಂದೆ ದಂಡೆಗಷ್ಟೇ ಅಲ್ಲ, ಹಳ್ಳಕ್ಕೆ ಎಲ್ಲೂ ಇಳೀಬಾರ್ದು" ಎಂದಳು ಜಯಶೀಲಾ. "ನೆಡಾಕೆ ಮುಂಚೆನೂ ಇಲ್ಲ, ನೆಟ್ಟ ಮ್ಯಾಲೂ ಇಲ್ಲ. ಮೇಯಾಕೂ ಇಲ್ಲ, ನೀರಿಗೂ ಇಲ್ಲ. ಬರ್ಕಳ್ರಿ ಸಾರ್."

ಮೋಹನ್‌ಕುಮಾರ್ ಕಾಟಲಿಂಗಪ್ಪನ ಕಡೆ ನೋಡಿದರು. ಅವನು ತಲೆಯಾಡಿಸಿದ. ಅವರು ಬರೆದುಕೊಂಡರು.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ಹಿಂದುಮುಂದಾಗಿ ನಡೆದರು. ಷರತ್ತು ಹಾಕುವವರನ್ನೆಲ್ಲ ಇಷ್ಟು ದಿನ ಶಪಿಸಿದ್ದ ಜಯಶೀಲಾ ತಾನೇ ಒಂದು ಷರತ್ತು ಹಾಕಿ ಬಂದಿದ್ದಳು, ಅದೂ ಗಂಡನ ಕುರಿಗೆ. ಅವನು ಬೈದಿದ್ದರೆ ಚೆನ್ನಾಗಿತ್ತು. ರಾಮಗಿರಿ ಬಸ್ಸಿನಲ್ಲಿ ಕೂತ ಮೇಲೆ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ:

"ಹಂಗಾರೆ ಕುರಿ ಎಲ್ಲಿ ನೀರು ಕುಡೀಬೇಕು?"

"ಬಾವೀಲಿ ಸೇದಿ ಹಾಕ್ತೀನಿ" ಎಂದಳು.

"ಅಷ್ಟು ಕುರೀಗೂ?"

"ಅಷ್ಟಕ್ಕೂ" ಎಂದಳು ಜಯಶೀಲಾ. ದನಿ ಸಿಟ್ಟಿನಲ್ಲಿಯೇ ಇತ್ತು, ಕಣ್ಣು ಮಾತ್ರ ತುಂಬಿಬಂದಿತ್ತು. "ಬೆಳಿಗ್ಗೆ ನಾನು ಸೇದ್ತೀನಿ. ಸಂಜೆ ನೀನು ಸೇದು."