ಭುವನಾ ಮಿಸ್ ಮಾತಾಡದ ವಾರ

ಮಧುಗಿರಿಯ ಡಾಕ್ಟರು ಭುವನಾಳ ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಒಂದು ವಾರ ಪಿಸುಮಾತೂ ಆಡಕೂಡದು ಎಂದರು. ಪರೀಕ್ಷೆ ಹತ್ತಿರವಿತ್ತು. ಭುವನಾ ರಜೆ ಹಾಕಲಿಲ್ಲ. ನಾಗಲಮಡಿಕೆಯಾಚೆಯ ಆ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಲು ಇದ್ದವಳು ಅವಳೊಬ್ಬಳೇ.

ಮಾತಿಲ್ಲದ ತರಗತಿ ನೀರಿನೊಳಗಿನ ಊರಿನ ಹಾಗಿತ್ತು. ಅವಳು ಬೋರ್ಡಿನ ಮೇಲೆ ಲೆಕ್ಕ ಬರೆದು ಯಾರತ್ತಲಾದರೂ ಕೈ ತೋರಿಸುವಳು. ಹಂಚಿನ ಸಂದಿಯಿಂದ ಇಳಿದ ಬಿಸಿಲಲ್ಲಿ ಸೀಮೆಸುಣ್ಣದ ಪುಡಿ ತೇಲುತ್ತಿತ್ತು. ಮಕ್ಕಳೂ ಯಾಕೋ ದನಿ ತಗ್ಗಿಸಿದ್ದರು.

ಮೂರನೆಯ ದಿನ ಬರೆದಳು: ಹಗ್ಗದ ಮುಕ್ಕಾಲು ಭಾಗ ಹನ್ನೆರಡು ಮೀಟರ್, ಇಡೀ ಹಗ್ಗ ಎಷ್ಟು? ದಿನಾ ಮೊದಲು ಕೈ ಎತ್ತುವ ಮುಂದಿನ ಬೆಂಚಿನ ಚೇತನ್ ಕುಮಾರ್ ಬಂದಿರಲಿಲ್ಲ. ಅವಳ ಕೈ ಹಿಂದಿನ ಬೆಂಚಿನ ಶೃತಿಯತ್ತ ಹೋಯಿತು. ಶೃತಿ ಎದ್ದು ನಿಂತು ಬೋರ್ಡನ್ನೇ ನೋಡತೊಡಗಿದಳು.

ಶೃತಿಯ ಮನೆಮಾತು ತೆಲುಗು. ಪಾಪ, ಅವಳಿಗೆ ಲೆಕ್ಕ ಹತ್ತುವುದಿಲ್ಲ ಎಂದು ಭುವನಾ ಎಂದೋ ತೀರ್ಮಾನಿಸಿದ್ದಳು. ಕೇಳಿದ ಕೂಡಲೇ ಉತ್ತರ ಬರದಿದ್ದರೆ, ಹೋಗಲಿ ಕೂತ್ಕೋ ಎನ್ನುತ್ತಿದ್ದಳು. ಅದು ದಯೆಯೆಂದೇ ನಂಬಿದ್ದಳು. ಈಗಲೂ ಬಾಯಿ ತೆರೆದಳು, ಮಾತಾಡಬಾರದೆಂಬುದು ನೆನಪಾಗಿ ಮುಚ್ಚಿದಳು.

ಶೃತಿಯ ತುಟಿ ಸಣ್ಣಗೆ ಅಲುಗುತ್ತಿತ್ತು. ಕಿಟಕಿಯಾಚೆ ಮೋಡದ ನೆರಳೊಂದು ಬಂಡೆಗುಡ್ಡವನ್ನು ಮೆಲ್ಲಗೆ ದಾಟಿತು.

"ಹದಿನಾರು ಮಿಸ್. ಕಾಲು ಭಾಗ ನಾಲ್ಕಲ್ವಾ, ಅದ್ಕೆ."

ಮಧ್ಯಾಹ್ನ ಊಟವಾದ ಮೇಲೆ ಭುವನಾ ಅವಳನ್ನು ಹೊಂಗೆ ಮರದಡಿ ಕರೆದು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಹಾಳೆಯಲ್ಲಿ ಬರೆದು ತೋರಿಸಿದಳು.

"ತೆಲುಗಲ್ಲಿ ಲೆಕ್ಕ ಮಾಡಿ ಕನ್ನಡಕ್ಕೆ ತರಾಕೆ ವಸಿ ಹೊತ್ತು ಬೇಕು ಮಿಸ್. ಅಷ್ಟ್ರಲ್ಲಿ ನೀವು ಕೂತ್ಕೋ ಅಂತಿದ್ರಿ."

ಹುಡುಗಿಯ ದನಿಯಲ್ಲಿ ದೂರಿರಲಿಲ್ಲ. ಅವಳು ಹೋದ ಮೇಲೂ ಭುವನಾ ಅಲ್ಲೇ ಕುಳಿತಳು. ತಾನು ಹಾಗೆ ಕೂರಿಸಿದ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಎದ್ದು ನಿಂತವು. ಹೆಚ್ಚಿನವು ಹಿಂದಿನ ಬೆಂಚಿನವೇ. ಚೇತನ್ ತಡವರಿಸಿದಾಗ ಮಾತ್ರ, ಯೋಚನೆ ಮಾಡಪ್ಪ ಎಂದು ಕಾದಿದ್ದಳು. ಹಾಗೆ ಕಾಯುತ್ತಿದ್ದುದು ಅವಳಿಗೇ ಗೊತ್ತಿರಲಿಲ್ಲ.

ಸೋಮವಾರ ದನಿ ಮರಳಿತು. ಎರಡನೇ ಲೆಕ್ಕಕ್ಕೇ ಹಳೆಯ ಮಾತು ಬಾಯಿಂದ ಜಾರಿತು. ಶೃತಿ ಅರ್ಧ ಕೂತಿದ್ದಳು.

"ಇಲ್ಲ ಕಣಮ್ಮ, ನಿಂತ್ಕೋ. ತಪ್ಪು ನಂದು. ನಿಂಗೆ ಎಷ್ಟ್ ಹೊತ್ತು ಬೇಕೋ ತಗೋ."

ಚೇತನ್ ಎತ್ತಿದ ಕೈಯನ್ನು ಅವಳು ಸನ್ನೆಯಲ್ಲೇ ಇಳಿಸಿದಳು. ಶೃತಿ ಬಹಳ ಹೊತ್ತು ಯೋಚಿಸಿ ಹೇಳಿದ ಉತ್ತರ ಈ ಸಲ ತಪ್ಪಾಗಿತ್ತು. ಹೇಗೆ ಮಾಡಿದೆ, ಬಂದು ತೋರಿಸು ಎಂದು ಭುವನಾ ಸೀಮೆಸುಣ್ಣ ಚಾಚಿದಳು. ಹುಡುಗಿ ತೆಲುಗಿನಲ್ಲಿ ಗುನುಗುತ್ತ ಬರೆಯತೊಡಗಿ, ಮೂರನೇ ಸಾಲಿಗೆ ತಾನೇ ನಿಂತು, ಅಂಗೈಯಿಂದ ಒರೆಸಿ, ಮತ್ತೆ ಬರೆದಳು.