ಮುತ್ತಮ್ಮನ ಮೇಲ್ಮನವಿಯ ಕೊನೆಯ ದಿನ

ಮುತ್ತಮ್ಮನ ಮೇಲ್ಮನವಿ ಸಲ್ಲಿಸಲು ಆ ಶುಕ್ರವಾರವೇ ಕಡೇ ದಿನ. ಸಂಜೆ ಐದಕ್ಕೆ ನಂಜನಗೂಡಿನ ಕೋರ್ಟಿನ ಕಚೇರಿ ಮುಚ್ಚುತ್ತದೆ. ತಪ್ಪಿದರೆ ಅವಳಿರುವ ಮನೆ ಮೈದುನನ ಪಾಲು. ಸೋಮವಾರ ಕೋರ್ಟಿನ ಅಮೀನ ಬಂದು ಸಾಮಾನು ಹೊರಗಿಡುತ್ತಾನೆ.

ಹತ್ತೊಂಬತ್ತು ವರ್ಷದ ವಕೀಲಿಕೆಯಲ್ಲಿ ನನ್ನ ಗಂಡ ಬಸವಪ್ರಸಾದ್ ಒಂದು ವಾಯಿದೆಯನ್ನೂ ಮರೆತವರಲ್ಲ. ತೊಂಬತ್ತೆಂಟರಲ್ಲಿ ಸಂಸದರಾದ ಮೇಲೆ ಕೇಸುಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿದರು. ಮುತ್ತಮ್ಮ ಅವರ ಮೊದಲ ಕಕ್ಷಿದಾರಳು. ಅವಳದೊಂದನ್ನು ಮಾತ್ರ ಬಿಡಲಿಲ್ಲ. ಮನವಿ ಟೈಪಾಗಿತ್ತು. ಸಹಿ ಹಾಕುವಷ್ಟರಲ್ಲಿ ದೆಹಲಿಯಿಂದ ಕರೆ ಬಂತು. ಹಿಂದಿರುಗಿದವರು ಮನೆಗೂ ಬಾರದೆ ಟಿ. ನರಸೀಪುರದ ಪ್ರವಾಸಿ ಮಂದಿರಕ್ಕೆ ಹೋಗಿದ್ದರು.

ನಾನು ಮನವಿ ಹಿಡಿದು, ಮುತ್ತಮ್ಮನನ್ನು ಕರೆದುಕೊಂಡು ನರಸೀಪುರದ ಬಸ್ಸು ಹತ್ತಿದೆ.

"ಅಯ್ನೋರು ನನ್ನ ಮರ್ತ್‌ಬುಟ್ರಾ ಅವ್ವಾ?"

"ಇಲ್ಲ ಮುತ್ತಮ್ಮ, ಕೆಲಸ ಜಾಸ್ತಿ."

"ಡೆಲ್ಲೀಲಿ ಐನೂರ್ ಜನ ಅವ್ರೆ ಅಂತಾರಲ್ಲ, ಇವ್ರೊಬ್ರೇನಾ ಗೇಯದು?" ಅವಳು ನಕ್ಕಳು. ನಾನು ಗಡಿಯಾರ ನೋಡಿದೆ.

ಪ್ರವಾಸಿ ಮಂದಿರದ ಜಗಲಿಯ ತುಂಬ ಅರ್ಜಿ ಹಿಡಿದ ಜನ. ಆಪ್ತ ಸಹಾಯಕ ದೇವರಾಜು ನನ್ನನ್ನು ಬಾಗಿಲಲ್ಲೇ ತಡೆದ. "ಅಕ್ಕೋರೇ, ನಿಮ್ಮನ್ನ ಬುಟ್ರೆ ಇವ್ರೆಲ್ಲ ನನ್ನ ಜುಟ್ಟು ಹಿಡೀತಾರೆ. ಕೊಡಿ ಇಲ್ಲಿ, ಸೈನ್ ನಾನ್ ಹಾಕಿಸ್ತೀನಿ."

ಕಿಟಕಿಯಿಂದ ನೋಡುತ್ತಲೇ ಇದ್ದೆ. ಒಳಗೆ ನನ್ನ ಗಂಡ ತಲೆ ಎತ್ತದೆ ಒಂದೊಂದೇ ಕಾಗದದ ಮೇಲೆ ಬರೆದು ಪಕ್ಕಕ್ಕೆ ಸರಿಸುತ್ತಿದ್ದರು. ನಮ್ಮದೂ ಸರಿಯಿತು. ದೇವರಾಜು ಅದನ್ನು ಲಕೋಟೆಗೆ ಹಾಕಿ ತಂದುಕೊಟ್ಟ. ಬಸ್ಸು ಹೊರಡುವುದರಲ್ಲಿತ್ತು. ಅವರ ಸಹಿಯನ್ನು ನಾನು ಎಂದೂ ಪರೀಕ್ಷಿಸಿದವಳಲ್ಲ.

ನಂಜನಗೂಡು ತಲುಪಿದಾಗ ನಾಲ್ಕೂವರೆ. ಕೋರ್ಟಿನ ಶಿರಸ್ತೇದಾರ ಸಿದ್ದಮಲ್ಲಪ್ಪ ಕಡೆಯ ಪುಟ ತಿರುವಿದರು.

"ವಕೀಲರ ಸಹಿ ಎಲ್ಲಮ್ಮ?"

ಮೊದಲ ಪುಟದ ಅಂಚಿನಲ್ಲಿ ನನ್ನ ಗಂಡನ ಅಕ್ಷರವಿತ್ತು: 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ.' ಅದರ ಕೆಳಗೆ ಸಹಿ, ಲೋಕಸಭಾ ಸದಸ್ಯರು.

"ಎಂಪಿ ಸಾಹೇಬ್ರ ಶಿಫಾರಸು ತಂದಿದ್ದೀರಿ. ನನಗೆ ವಕೀಲರು ಬೇಕು. ವಕಾಲತ್ತು ಅವರ ಹೆಸರಲ್ಲಿದೆ, ಬೇರೆಯವರ ಸಹಿ ನಡೆಯಲ್ಲ."

ಎಸ್‌ಟಿಡಿ ಬೂತಿಗೆ ಓಡಿದೆ. ಸಾಹೇಬರು ಮೈಸೂರಿಗೆ ಹೊರಟಾಯಿತು ಎಂದರು ಪ್ರವಾಸಿ ಮಂದಿರದವರು.

ಹಿಂತಿರುಗಿದಾಗ ಐದಕ್ಕೆ ನಾಲ್ಕು ನಿಮಿಷ. ಸಿದ್ದಮಲ್ಲಪ್ಪ ಕಾಗದವನ್ನು ನನ್ನ ಮುಂದೆ ತಳ್ಳಿ, ಪೆನ್ನಿಟ್ಟು, ಗೋಡೆಯ ಕಡೆ ತಿರುಗಿ ಕುಳಿತರು. ನನ್ನ ಗಂಡನ ಸಹಿ ನನ್ನ ಕೈಗೂ ಬರುತ್ತಿತ್ತು. ಹಾಕಿದರೆ, ಸಿಕ್ಕಿಬಿದ್ದ ದಿನ ಅವರ ವಕೀಲಿ ಸನ್ನದೂ ಹೋಗುತ್ತದೆ, ಸಂಸದ ಸ್ಥಾನವೂ ಹೋಗುತ್ತದೆ. ಪೆನ್ನು ಹಿಡಿದೆ. ಸಹಿ ಹಾಕದೆ ಕೆಳಗಿಟ್ಟೆ. ಐದಾಯಿತು. ಜವಾನ ಬಂದು ಕಿಟಕಿ ಎಳೆದುಕೊಂಡ.

"ಆಯ್ತಾ ಅವ್ವಾ?" ಮುತ್ತಮ್ಮ ಕೇಳಿದಳು.

"ನಾಳೆ ನಿನ್ನ ಸಾಮಾನೆಲ್ಲ ನಮ್ಮ ಮನೆಗೆ ತಂದುಬಿಡೋಣ ಮುತ್ತಮ್ಮ."

"ಯಾಕವ್ವಾ?"